ಮ್ಯಾಮಿಯ ಪಾತ್ರಕ್ಕೆ ಉತ್ತರ ಕೊಡಬೇಕಾದವರು

ಅಮೆರಿಕದ ಅಂತರ್ಯುದ್ಧದ ಕಾಲದ, ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಬಿಳಿಯರ ಕಥೆ ಹೇಳುವ 'ಗಾನ್ ವಿತ್ ದ ವಿಂಡ್' ಸಿನಿಮಾದ ಕೊನೆಯ ಭಾಗದಲ್ಲಿ ಒಂದು ಮೆಟ್ಟಿಲಿನ ದೃಶ್ಯ ಇದೆ. ರೆಟ್ ಮತ್ತು ಸ್ಕಾರ್ಲೆಟ್ ದಂಪತಿಯ ಪುಟ್ಟ ಮಗಳು ಬಾನಿ ಕುದುರೆಯಿಂದ ಬಿದ್ದು ಸತ್ತಿದ್ದಾಳೆ. ಮಗುವಿಗೆ ಕತ್ತಲು ಅಂದರೆ ಭಯ, ಮಣ್ಣು ಮಾಡೋಕೆ ಬಿಡಲ್ಲ ಅಂತ ರೆಟ್ ಶವದ ಜೊತೆ ಕೋಣೆಯೊಳಗೆ ಸೇರಿಕೊಂಡಿದ್ದಾನೆ. ಸಮಾಧಾನ ಹೇಳಲು ಮೆಲನಿ ಬಂದಿದ್ದಾಳೆ. ಅವಳನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾ ಮನೆಗೆಲಸದ ಕಪ್ಪು ಹೆಂಗಸು ಮ್ಯಾಮಿ ನಡೆದದ್ದನ್ನೆಲ್ಲ ಹೇಳುತ್ತಾಳೆ. ರೆಟ್ ಹೋಗಿ ಆ ಕುದುರೆಯನ್ನು ಗುಂಡಿಟ್ಟು ಕೊಂದದ್ದು, ಗಂಡ ಹೆಂಡತಿ ಒಬ್ಬರನ್ನೊಬ್ಬರು ಬೈದಾಡಿಕೊಂಡದ್ದು, ಎಲ್ಲವೂ ಆ ಮೆಟ್ಟಿಲುಗಳ ಮೇಲೆಯೇ ಬರುತ್ತದೆ. ಕ್ಯಾಮೆರಾ ಇಬ್ಬರ ಜೊತೆಗೇ ಹತ್ತುತ್ತದೆ. ಭಾರದ ಮೈ, ಅಳು, ಏದುಸಿರು, ನಡುವೆ ಒಡೆಯುವ ದನಿ. ಆ ಮನೆಯ ಅತಿ ದೊಡ್ಡ ದುಃಖವನ್ನು ನಾವು ಕಣ್ಣಾರೆ ನೋಡುವುದೇ ಇಲ್ಲ. ಮ್ಯಾಮಿಯ ಬಾಯಿಂದ ಕೇಳುತ್ತೇವೆ ಅಷ್ಟೇ. ಕೇಳಿದ್ದೇ ಸಾಕಾಗುತ್ತದೆ.

ಆ ಪಾತ್ರ ಮಾಡಿದವರು ಹ್ಯಾಟಿ ಮೆಕ್‌ಡೇನಿಯಲ್. 1940ರಲ್ಲಿ ಇದಕ್ಕಾಗಿಯೇ ಅವರಿಗೆ ಪೋಷಕ ನಟಿಯ ಆಸ್ಕರ್ ಬಂತು. ಕಪ್ಪು ಜನಾಂಗದ ಒಬ್ಬರಿಗೆ ಆಸ್ಕರ್ ಬಂದದ್ದು ಅದೇ ಮೊದಲು. ಅವತ್ತು ಮೆಲನಿಯ ಪಾತ್ರ ಮಾಡಿದ ಒಲಿವಿಯಾ ಡಿ ಹ್ಯಾವಿಲೆಂಡ್ ಕೂಡ ಅದೇ ಪ್ರಶಸ್ತಿಗೆ ಸ್ಪರ್ಧೆಯಲ್ಲಿದ್ದರು. ಆ ಮೆಟ್ಟಿಲು ಹತ್ತಿದ ಇಬ್ಬರಲ್ಲಿ ಯಾರು ಗೆದ್ದರು ಅಂತ ಸಿನಿಮಾ ನೋಡಿದ ಯಾರಿಗೂ ಅನುಮಾನ ಬರಲಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಸಂತೋಷದ ಕಥೆ. ಆದರೆ ಈ ಪಾತ್ರದ ಬಗ್ಗೆ ಎಂಬತ್ತು ವರ್ಷಗಳಿಂದ ಜಗಳ ನಡೆಯುತ್ತಲೇ ಇದೆ. ಹಳೆಯ ಸಿನಿಮಾ ಇಷ್ಟಪಡುವ ನಾಲ್ಕು ಜನ ಎಲ್ಲಿ ಸೇರಿದರೂ ಒಬ್ಬರಲ್ಲ ಒಬ್ಬರು ಹೇಳುತ್ತಾರೆ, 'ಎಂಥ ನಟಿ, ಆದರೂ ಅಂಥ ಪಾತ್ರ ಒಪ್ಪಿಕೊಳ್ಳಬಾರದಿತ್ತು.' ಇನ್ನೊಬ್ಬರು, 'ಪಾಪ, ಬೇರೆ ದಾರಿ ಏನಿತ್ತು?' ಅನ್ನುತ್ತಾರೆ. ಎರಡೂ ಮಾತಿನಲ್ಲಿ ಕಟಕಟೆಯಲ್ಲಿ ನಿಂತಿರುವುದು ಹ್ಯಾಟಿ ಒಬ್ಬರೇ. ನನಗೆ ಸಹಿಸೋಕೆ ಆಗದೇ ಇರುವುದು ಇದೇ. ಪಾತ್ರವನ್ನು ಬರೆದವರು, ದುಡ್ಡು ಹಾಕಿದವರು, ಅದರಿಂದ ಲಾಭ ಮಾಡಿಕೊಂಡವರು ಈ ಮಾತುಕತೆಯೊಳಗೆ ಬರುವುದೇ ಇಲ್ಲ.

ಮೊದಲು ಪಾತ್ರವನ್ನೇ ನೋಡೋಣ. ಮ್ಯಾಮಿಗೆ ಸ್ವಂತ ಹೆಸರಿಲ್ಲ. ಸಾಕಿದ ದಾಯಿಯನ್ನು ಬಿಳಿಯರ ಮಕ್ಕಳು ಕರೆಯುತ್ತಿದ್ದ ರೀತಿಯೇ ಅವಳ ಹೆಸರು. ಗಂಡ ಇಲ್ಲ, ಮಕ್ಕಳಿಲ್ಲ, ಊರಿಲ್ಲ. ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೂ ಅವಳು ಆ ಮನೆ ಬಿಡುವುದಿಲ್ಲ. ಬಿಡಬೇಕು ಅಂತ ಅನ್ನಿಸುವುದೂ ಇಲ್ಲ. ಸ್ಕಾರ್ಲೆಟ್ಟಳ ಸೊಂಟದ ಪಟ್ಟಿ ಬಿಗಿಯುವುದು, ಅವಳು ಔತಣಕ್ಕೆ ಹೋಗುವ ಮೊದಲು ಒಂದಿಷ್ಟು ತಿನ್ನಿಸುವುದು, ಅವಳ ಮರ್ಯಾದೆ ಕಾಯುವುದು. ಇದೇ ಅವಳ ಬದುಕು. ಅವಳ ಬಾಯಿ ಜೋರು, ನಿಜ. ಮನೆಯಲ್ಲಿ ಸ್ಕಾರ್ಲೆಟ್ಟಳ ಕಣ್ಣಲ್ಲಿ ಕಣ್ಣಿಟ್ಟು ಬೈಯುವ ಧೈರ್ಯ ಅವಳಿಗೆ ಮಾತ್ರ ಇದೆ. ಆದರೆ ಅಷ್ಟು ಜೋರು ಬಾಯಿಂದ ತನ್ನ ಬಗ್ಗೆ ಒಂದೇ ಒಂದು ಮಾತು ಬರುವುದಿಲ್ಲ.

ಇಂಥ ಮ್ಯಾಮಿಯನ್ನು ಈ ಸಿನಿಮಾ ಹುಟ್ಟಿಸಿದ್ದಲ್ಲ. ಅಮೆರಿಕದ ದಕ್ಷಿಣದ ಬಿಳಿಯರು ಅವಳನ್ನು ಬಹಳ ಕಾಲದಿಂದ ಸಾಕಿಕೊಂಡು ಬಂದಿದ್ದರು. ಗುಲಾಮಗಿರಿ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ, ನೋಡಿ ನಮ್ಮ ಮ್ಯಾಮಿ ನಮ್ಮನ್ನು ಎಷ್ಟು ಪ್ರೀತಿಸುತ್ತಿದ್ದಳು ಅಂತ ಹೇಳಿಕೊಳ್ಳಲು ಅವಳು ಬೇಕಾಗಿದ್ದಳು. 1923ರಲ್ಲಿ ದಕ್ಷಿಣದ ಸೈನಿಕರ ವಂಶದ ಹೆಣ್ಣುಮಕ್ಕಳ ಸಂಘವೊಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ 'ನಿಷ್ಠಾವಂತ ಮ್ಯಾಮಿ'ಗೆ ಸ್ಮಾರಕ ಕಟ್ಟಬೇಕು ಅಂತ ಹೊರಟಿತು. ಸೆನೆಟ್ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು! ಅದಕ್ಕೆ ಕೆಲವೇ ತಿಂಗಳ ಹಿಂದೆ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯುವ ಮಸೂದೆ ಇದೇ ಸೆನೆಟ್ಟಿನಲ್ಲಿ ಸತ್ತಿತ್ತು. ದಕ್ಷಿಣದ ಸದಸ್ಯರು ಮಾತಾಡಿ ಮಾತಾಡಿಯೇ ಅದನ್ನು ಮುಗಿಸಿದ್ದರು. ಕೊಲ್ಲುವುದನ್ನು ತಡೆಯಲು ಕಾನೂನು ಬೇಡ, ಆದರೆ ಕಲ್ಲಿನ ಮ್ಯಾಮಿ ಬೇಕು. ಕಪ್ಪು ಮಹಿಳೆಯರ ಸಂಘಗಳು ಗಟ್ಟಿಯಾಗಿ ವಿರೋಧಿಸಿದವು. ಮಸೂದೆ ಕೆಳಮನೆಯಲ್ಲಿ ಮುಂದೆ ಹೋಗಲಿಲ್ಲ, ಸ್ಮಾರಕ ಏಳಲಿಲ್ಲ. ಹದಿನಾರು ವರ್ಷ ಕಳೆದ ಮೇಲೆ ಹಾಲಿವುಡ್ ಅದನ್ನು ಬಣ್ಣದ ಫಿಲ್ಮಿನಲ್ಲಿ ಎಬ್ಬಿಸಿತು.

ಈಗ ಹ್ಯಾಟಿಯವರ ಮನೆಯ ಕಥೆ ಕೇಳಿ. ಅವರ ಅಪ್ಪ ಹೆನ್ರಿ ಮೆಕ್‌ಡೇನಿಯಲ್ ಹುಟ್ಟಿದ್ದು ಗುಲಾಮನಾಗಿ. ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿ ಹೋರಾಡಿದವರು. ಯುದ್ಧದಲ್ಲಿ ಕೆಟ್ಟ ಮೈಗೆ ಪಿಂಚಣಿ ಕೊಡಿ ಅಂತ ಸರ್ಕಾರದ ಹಿಂದೆ ವರ್ಷಗಟ್ಟಲೆ ಅಲೆದವರು. ಯಾವ ವ್ಯವಸ್ಥೆಯನ್ನು ಉರುಳಿಸಲು ಅಪ್ಪ ಬಂದೂಕು ಹಿಡಿದಿದ್ದರೋ, ಅದೇ ವ್ಯವಸ್ಥೆ ಹೋಯಿತಲ್ಲ ಅಂತ ಮರುಗುವ ಸಿನಿಮಾದಲ್ಲಿ ಮಗಳು ಮ್ಯಾಮಿ ಆದರು. ಹ್ಯಾಟಿಗೆ ಇದು ಗೊತ್ತಿರಲಿಲ್ಲ ಅಂತ ಯಾರೂ ತಿಳಿಯಬೇಡಿ. ಹಾಡುಗಾರ್ತಿಯಾಗಿ ಊರೂರು ಅಲೆದವರು, ರೇಡಿಯೋದಲ್ಲಿ ಹಾಡಿದವರು. 1929ರ ಆರ್ಥಿಕ ಕುಸಿತದ ನಂತರ ಮಿಲ್ವಾಕಿಯ ಕ್ಲಬ್ಬೊಂದರಲ್ಲಿ ಶೌಚಾಲಯ ನೋಡಿಕೊಳ್ಳುವ ಕೆಲಸ ಮಾಡಿದವರು. ಸಿನಿಮಾಕ್ಕೆ ಬಂದ ಮೇಲೂ ಪಾತ್ರ ಸಿಗದ ದಿನಗಳಲ್ಲಿ ಬೇರೆಯವರ ಮನೆಗಳಲ್ಲಿ ದುಡಿದವರು. ತೆರೆಯ ಮೇಲಿನ ಮನೆಗೆಲಸಕ್ಕೂ ನಿಜವಾದದ್ದಕ್ಕೂ ಎಷ್ಟು ದೂರ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಸಿನಿಮಾದ ಮೊದಲ ಪ್ರದರ್ಶನ. ಊರಿಗೆ ಊರೇ ಹಬ್ಬ ಮಾಡಿತು. ಹ್ಯಾಟಿ ಅಲ್ಲಿರಲಿಲ್ಲ. ಜಾರ್ಜಿಯಾದ ಪ್ರತ್ಯೇಕತೆಯ ಕಾನೂನಿನ ಪ್ರಕಾರ ಆ ಥಿಯೇಟರಿನಲ್ಲಿ ಬಿಳಿಯರ ಜೊತೆ ಅವರು ಕೂರುವಂತಿರಲಿಲ್ಲ. ಹಿಂದಿನ ರಾತ್ರಿಯ ಔತಣಕೂಟದಲ್ಲಿ ಮಾತ್ರ ಕಪ್ಪು ಜನರಿಗೆ ಜಾಗ ಇತ್ತು, ಹಾಡಲು. ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯಕರ ತಂಡ ಗುಲಾಮರ ವೇಷ ಹಾಕಿಕೊಂಡು ಬಂದು ಹಾಡಿತು. ಆ ತಂಡದಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಇದ್ದ, ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್. ಇದನ್ನು ಮೊದಲ ಸಲ ಓದಿದಾಗ ನನಗೆ ಮುಂದಿನ ಸಾಲಿಗೆ ಹೋಗೋಕೆ ಆಗಲಿಲ್ಲ.

ಆಸ್ಕರ್ ರಾತ್ರಿಯ ವಿಷಯ ಬಹಳ ಜನರಿಗೆ ಗೊತ್ತು. ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲ್‌ಗೆ ಕಪ್ಪು ಜನರಿಗೆ ಪ್ರವೇಶ ಇರಲಿಲ್ಲ. ನಿರ್ಮಾಪಕ ಸೆಲ್ಜ್‌ನಿಕ್ ಹೇಳಿ ಕೇಳಿ ಒಳಗೆ ಬಿಡಿಸಿದರು. ತಂಡದವರೆಲ್ಲ ಒಂದು ಕಡೆ ಕೂತರೆ ಹ್ಯಾಟಿಗೆ ಗೋಡೆ ಪಕ್ಕದ ಸಣ್ಣ ಮೇಜು. ಹೆಸರು ಕರೆದಾಗ ಅಲ್ಲಿಂದ ಎದ್ದು ಬಂದು, ನನ್ನ ಜನಾಂಗಕ್ಕೂ ಸಿನಿಮಾ ಉದ್ಯಮಕ್ಕೂ ಸದಾ ಹೆಮ್ಮೆ ತರುವಂತೆ ಇರುತ್ತೇನೆ ಎಂಬ ಆಸೆ ಅಂದರು. ಅವತ್ತು ಗೆದ್ದ ಬೇರೆ ಯಾರೂ ತಮ್ಮ ಜನಾಂಗದ ಹೆಸರು ಎತ್ತಬೇಕಾಗಿ ಬರಲಿಲ್ಲ. ಸ್ಕಾರ್ಲೆಟ್ ಪಾತ್ರ ಮಾಡಿದ ವಿವಿಯನ್ ಲೀ ಗೆದ್ದರೆ ವಿವಿಯನ್ ಲೀ ಗೆದ್ದ ಹಾಗೆ. ಹ್ಯಾಟಿ ಗೆದ್ದರೆ ಒಂದು ಜನಾಂಗವೇ ವೇದಿಕೆ ಹತ್ತಿ ತನ್ನ ನಡತೆಗೆ ಜಾಮೀನು ಕೊಡಬೇಕು.

ಸರಿ, ಜಗಳದ ವಿಷಯಕ್ಕೆ ಬರೋಣ. ಕಪ್ಪು ಪತ್ರಿಕೆಗಳಲ್ಲಿ ಸಿನಿಮಾದ ಬಗ್ಗೆ ಖಾರವಾದ ಬರಹಗಳು ಬಂದವು. ಕವಿ ಮೆಲ್ವಿನ್ ಟಾಲ್ಸನ್, ಇದು ಕಪ್ಪು ಜನರನ್ನು ರಾಕ್ಷಸರ ಹಾಗೆ ತೋರಿಸಿದ 1915ರ 'ಬರ್ತ್ ಆಫ್ ಎ ನೇಷನ್'ಗಿಂತ ಅಪಾಯಕಾರಿ ಅಂತ ಬರೆದರು. ಆ ಹಳೆಯ ಸಿನಿಮಾದ ದ್ವೇಷ ಎದುರಿಗೇ ಕಾಣುತ್ತಿತ್ತು, ಇದರಲ್ಲಿ ಸುಳ್ಳು ಚಂದದ ಬಟ್ಟೆ ಹಾಕಿಕೊಂಡು ಬಂದಿದೆ ಅನ್ನುವುದು ಅವರ ವಾದ. ನನ್ನ ಪ್ರಕಾರ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಎನ್‌ಎಎಸಿಪಿ ಎಂಬ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಯ ಮುಖ್ಯಸ್ಥ ವಾಲ್ಟರ್ ವೈಟ್ 1942ರಲ್ಲಿ ಹಾಲಿವುಡ್‌ಗೆ ಹೋಗಿ ಸ್ಟುಡಿಯೋ ಮಾಲೀಕರನ್ನು ಭೇಟಿ ಮಾಡಿದರು. ನಮ್ಮ ಜನರನ್ನು ಬರೀ ಆಳುಗಳಾಗಿ, ಪೆದ್ದರಾಗಿ ತೋರಿಸಬೇಡಿ, ಊರಿನಲ್ಲಿ ಎಲ್ಲರ ಹಾಗೆ ಬದುಕುವ ಮನುಷ್ಯರಾಗಿ ತೋರಿಸಿ ಅಂತ ಕೇಳಿದರು. ಎಷ್ಟು ಸಣ್ಣ ಬೇಡಿಕೆ ಅಲ್ವಾ?

ಆದರೆ ವೈಟ್ ಮಾತಾಡಿದ್ದು ಮಾಲೀಕರ ಜೊತೆ. ಆ ಪಾತ್ರಗಳಿಂದ ಅನ್ನ ತಿನ್ನುತ್ತಿದ್ದ ಕಪ್ಪು ನಟ ನಟಿಯರನ್ನು ಮೊದಲು ಕೂರಿಸಿಕೊಂಡು ಕೇಳಲಿಲ್ಲ. ಅವರಿಗೆ ದಿಗಿಲಾಯಿತು. ಆಳಿನ ಪಾತ್ರಗಳನ್ನು ತೆಗೆದರೆ ಅದರ ಜಾಗಕ್ಕೆ ಬೇರೆ ಪಾತ್ರ ಕೊಡುತ್ತಾರೆ ಅಂತ ಏನು ಗ್ಯಾರಂಟಿ? ಸುಮ್ನೆ ತೆಗೆದು ಕೈತೊಳೆದುಕೊಂಡರೆ? ವಾರಕ್ಕೆ ಏಳು ಡಾಲರಿಗೆ ಮನೆಗೆಲಸ ಮಾಡುವುದಕ್ಕಿಂತ ಏಳುನೂರು ಡಾಲರಿಗೆ ಮನೆಗೆಲಸದವಳ ಪಾತ್ರ ಮಾಡುವುದು ಮೇಲು ಅನ್ನುವ ಮಾತು ಹ್ಯಾಟಿಯವರದು ಎಂದು ಹಲವು ರೂಪಗಳಲ್ಲಿ ಓಡಾಡುತ್ತದೆ. ಇದನ್ನು ಚಟಾಕಿ ಅಂತ ತೆಗೆದುಕೊಳ್ಳುವವರು ಒಂದು ಅಂಕಿ ನೋಡಬೇಕು. 1940ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ನೂರಕ್ಕೆ ಸುಮಾರು 60 ಮಂದಿ ಬೇರೆಯವರ ಮನೆಗಳಲ್ಲೇ ಕೆಲಸ ಮಾಡುತ್ತಿದ್ದರು. ಆ ಕೆಲಸದಲ್ಲಿ ಅವಮಾನವೇನೂ ಇರಲಿಲ್ಲ. ಆ ಹೆಂಗಸರಿಗೆ ಸಂಜೆ ಹೊತ್ತು ಅವರದೇ ಅಡುಗೆಮನೆ ಇತ್ತು, ಮಕ್ಕಳಿದ್ದರು, ಚರ್ಚಿತ್ತು, ಸಿಟ್ಟಿತ್ತು. ಸಿನಿಮಾದ ಮ್ಯಾಮಿಯಿಂದ ಕಿತ್ತುಕೊಂಡದ್ದು ಇದನ್ನೇ. ಮನೆಗೆಲಸದವಳನ್ನು ತೋರಿಸಿದ್ದು ತಪ್ಪಾಗಿರಲಿಲ್ಲ, ಅವಳನ್ನು ಅರ್ಧಕ್ಕೆ ತೋರಿಸಿದ್ದು ತಪ್ಪು.

ಇದನ್ನು ನಾನು ಸುಮ್ನೆ ಊಹಿಸಿ ಹೇಳುತ್ತಿಲ್ಲ. ಅದೇ 1942ರಲ್ಲಿ 'ಇನ್ ದಿಸ್ ಅವರ್ ಲೈಫ್' ಅಂತ ಒಂದು ಸಿನಿಮಾ ಬಂತು. ಬೆಟಿ ಡೇವಿಸ್ ನಾಯಕಿ. ಅದರಲ್ಲೂ ಹ್ಯಾಟಿಯವರದು ಮನೆಗೆಲಸದವಳ ಪಾತ್ರವೇ. ಆದರೆ ಅವಳಿಗೆ ಮಿನರ್ವಾ ಅಂತ ಹೆಸರಿದೆ, ವಕೀಲನಾಗಬೇಕು ಅಂತ ಓದುವ ಮಗನಿದ್ದಾನೆ. ಕಾರು ಗುದ್ದಿಸಿ ಮಗುವನ್ನು ಕೊಂದ ಬಿಳಿ ಹುಡುಗಿ ತಪ್ಪನ್ನು ಆ ಮಗನ ತಲೆಗೆ ಕಟ್ಟುತ್ತಾಳೆ. ಪೊಲೀಸರು ಬಂದು ಹಿಡಿದುಕೊಂಡು ಹೋದದ್ದನ್ನು ಮಿನರ್ವಾ ಹೇಳುವ ಒಂದು ದೃಶ್ಯ ಇದೆ. ಕಪ್ಪು ಹುಡುಗನ ಮಾತನ್ನು ಅವರು ಎಲ್ಲಿ ಕೇಳುತ್ತಾರೆ ಅನ್ನುತ್ತಾಳೆ. ಕಣ್ಣು ಅಗಲಿಸುವುದಿಲ್ಲ, ಬಾಯಿ ಜೋರು ಮಾಡುವುದಿಲ್ಲ. ದನಿ ತಗ್ಗಿದೆ. ಅದೇ ನಟಿ, ಅದೇ ಮನೆಗೆಲಸ, ಬರೆದದ್ದು ಮಾತ್ರ ಬೇರೆ. ಅಲ್ಲಿ ನಮ್ಮ ಕಣ್ಣಿಗೆ ಬೀಳುವುದು ಒಬ್ಬ ತಾಯಿ.

ಸ್ಟುಡಿಯೋಗಳು ಇಂಥದ್ದನ್ನು ಮತ್ತೆ ಮತ್ತೆ ಏಕೆ ಬರೆಸಲಿಲ್ಲ? ದಕ್ಷಿಣದ ಥಿಯೇಟರುಗಳವರು ಒಪ್ಪಲ್ಲ ಅನ್ನುವುದು ಅವರ ಮಾಮೂಲಿ ಉತ್ತರ. ಕಪ್ಪು ಗಾಯಕಿ, ನಟಿ ಲೀನಾ ಹಾರ್ನ್ 1942ರಲ್ಲಿ ಎಂಜಿಎಂ ಸ್ಟುಡಿಯೋ ಜೊತೆ ಒಪ್ಪಂದ ಮಾಡಿಕೊಂಡಾಗ ಮನೆಗೆಲಸದವಳ ಪಾತ್ರ ಮಾಡುವುದಿಲ್ಲ ಅಂತ ಖಡಾಖಂಡಿತ ಹೇಳಿದ್ದರು. ಸ್ಟುಡಿಯೋ ಏನು ಮಾಡಿತು? ಕಥೆಗೆ ಸಂಬಂಧವೇ ಇಲ್ಲದ ಹಾಡುಗಳಲ್ಲಿ ಅವರನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿತು. ದಕ್ಷಿಣದ ಊರುಗಳಲ್ಲಿ ಆ ಹಾಡನ್ನಷ್ಟೇ ಕತ್ತರಿಸಿ ಎಸೆದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಒಪ್ಪಿಕೊಂಡ ಹ್ಯಾಟಿಗೆ ಸಿಕ್ಕಿದ್ದು ಅಡುಗೆಮನೆ, ಒಪ್ಪದ ಲೀನಾಗೆ ಸಿಕ್ಕಿದ್ದು ಕತ್ತರಿ. ಹಾಗಾದರೆ ಒಪ್ಪಬೇಕಿತ್ತೋ ಬಾರದಿತ್ತೋ ಅಂತ ಇಬ್ಬರು ಹೆಂಗಸರನ್ನು ಎದುರುಬದುರು ನಿಲ್ಲಿಸಿ ಏನು ಪ್ರಯೋಜನ? ಲೀನಾ ಹಾಲಿವುಡ್‌ಗೆ ಬಂದ ಹೊಸದರಲ್ಲಿ ತಮ್ಮ ಮನೆಗೆ ಕರೆದು ಧೈರ್ಯ ಹೇಳಿದವರಲ್ಲಿ ಹ್ಯಾಟಿಯೂ ಒಬ್ಬರು. ಅದನ್ನು ಲೀನಾ ಮುಂದೆ ಪ್ರೀತಿಯಿಂದ ನೆನೆಸಿಕೊಂಡಿದ್ದಾರೆ.

ಇಷ್ಟು ಹೇಳಿ, ನೋಡುವವರ ನೋವನ್ನು ಬದಿಗೆ ಸರಿಸಲು ನನಗೆ ಇಷ್ಟವಿಲ್ಲ. ಮುಂದೆ ಕಪ್ಪು ಜನರ ದೊಡ್ಡ ನಾಯಕರಾದ ಮಾಲ್ಕಂ ಎಕ್ಸ್ ಹುಡುಗನಾಗಿದ್ದಾಗ ಮಿಶಿಗನ್‌ನ ಮೇಸನ್ ಊರಿನಲ್ಲಿ ಈ ಸಿನಿಮಾ ನೋಡಿದರು. ಆ ಥಿಯೇಟರಿನಲ್ಲಿ ಕಪ್ಪು ಹುಡುಗ ಅವರೊಬ್ಬರೇ. ಬಟರ್‌ಫ್ಲೈ ಮ್ಯಾಕ್ವೀನ್ ಮಾಡಿದ ಪ್ರಿಸ್ಸಿ ಎಂಬ ಹುಡುಗಿಯ ಪಾತ್ರ ಬಂದಾಗ ಕೆಳಗೆ ಹಾಸಿದ ಜಮಖಾನದ ಅಡಿ ತೂರಿಕೊಳ್ಳೋಣ ಅನ್ನಿಸಿತು ಅಂತ ಆತ್ಮಕಥೆಯಲ್ಲಿ ಹೇಳಿದ್ದಾರೆ. ಸುತ್ತ ಕೂತವರೆಲ್ಲ ನಗುತ್ತಿರುವಾಗ ಕತ್ತಲಲ್ಲಿ ಕುಗ್ಗಿ ಕೂತ ಆ ಹುಡುಗನಿಗೆ ನಟಿಯ ಹೊಟ್ಟೆಪಾಡಿನ ಕಥೆ ಹೇಳಿದರೆ ಸಮಾಧಾನ ಆಗುತ್ತಾ? ಆಗುವುದಿಲ್ಲ. ಆಗಬೇಕು ಅಂತ ಕೇಳುವುದೂ ಸರಿಯಲ್ಲ.

ಆ ಬಟರ್‌ಫ್ಲೈ ಮ್ಯಾಕ್ವೀನ್ ಅವರಿಗೂ ಆ ಪಾತ್ರ ಕಂಡರೆ ಆಗುತ್ತಿರಲಿಲ್ಲ. ಕಲ್ಲಂಗಡಿ ತಿನ್ನುವ ದೃಶ್ಯವೊಂದನ್ನು ಮಾಡುವುದಿಲ್ಲ ಅಂತ ಸೆಟ್ಟಿನಲ್ಲೇ ಹಟ ಹಿಡಿದವರು ಅವರು. ಕಪ್ಪು ಜನ ಅಂದರೆ ಕಲ್ಲಂಗಡಿ ಅಂತ ಅಲ್ಲಿ ಒಂದು ಹಳೆಯ ಗೇಲಿ. ಮೊದಲ ಸಲ ಮನೆಗೆಲಸದವಳ ಪಾತ್ರ ಮಾಡಿದಾಗ ಬೇಸರ ಆಗಲಿಲ್ಲ, ಈ ಕ್ಷೇತ್ರಕ್ಕೆ ಬರುವುದೇ ಹೀಗೆ ಅಂದುಕೊಂಡಿದ್ದೆ, ಮತ್ತೆ ಮತ್ತೆ ಅದನ್ನೇ ಕೊಟ್ಟಾಗ ಸಿಟ್ಟು ಬಂತು ಎಂದು ಮುಂದೆ ಹೇಳಿದರು. 1940ರ ದಶಕದ ಕೊನೆಗೆ ಅಂಥ ಪಾತ್ರಗಳನ್ನು ಬಿಟ್ಟೇಬಿಟ್ಟರು. ಸಿಕ್ಕಿದ ಸಣ್ಣಪುಟ್ಟ ಕೆಲಸ ಮಾಡಿಕೊಂಡು, 64ನೇ ವಯಸ್ಸಿನಲ್ಲಿ, 1975ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಿಂದ ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು. ಅಂದರೆ ಪರದೆಯ ಮುಂದೆ ಕುಗ್ಗಿದ ಹುಡುಗನೂ ಪರದೆಯ ಮೇಲಿದ್ದ ಹುಡುಗಿಯೂ ಒಂದೇ ಕಡೆಯವರು.

ಇದೆಲ್ಲ ದೂರದ ಅಮೆರಿಕದ ಕಥೆ ಅಂತ ಅಂದುಕೊಳ್ಳುವ ಮೊದಲು ನಮ್ಮ ಸಾಬುವಿನ ಬಗ್ಗೆ ಹೇಳಬೇಕು.

ಸಾಬು ದಸ್ತಗೀರ್ ಹುಟ್ಟಿದ್ದು 1924ರಲ್ಲಿ, ಮೈಸೂರು ಸೀಮೆಯ ಕಾರಾಪುರದಲ್ಲಿ. ಎಚ್.ಡಿ. ಕೋಟೆ ಕಡೆಯ ಕಾಡು. ಅಪ್ಪ ಮಾವುತ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಕಿಪ್ಲಿಂಗ್ ಬರೆದ ಆನೆ ಹುಡುಗ ತೂಮಾಯಿಯ ಕಥೆಯನ್ನು ಸಿನಿಮಾ ಮಾಡಲು ಮೈಸೂರಿಗೆ ಬಂದರು. ತಂದೆ ತೀರಿಕೊಂಡು ಅರಮನೆಯ ಆನೆ ಲಾಯದ ಆಸರೆಯಲ್ಲಿದ್ದ ಈ ಹುಡುಗ ಅವರ ಕಣ್ಣಿಗೆ ಬಿದ್ದ. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಗೆ ಬಂತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನೂ ಪಡೆಯಿತು. ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್‌ಗೆ. ಮಾವುತನ ಮಗ ಹಾಲಿವುಡ್ ತಾರೆಯಾದ ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಪಡಬೇಕಾದದ್ದೇ. ಆನೆಯ ಮೇಲೆ ಕೂತ ಆ ಹುಡುಗನ ಮುಖದಲ್ಲಿ ಒಂದು ಚೂರೂ ನಟನೆ ಇಲ್ಲ. ಆನೆ ಅವನಿಗೆ ಮನೆಯವರಲ್ಲಿ ಒಬ್ಬರು. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಆದರೆ ಒಮ್ಮೆ ಅದೇ ಸಿನಿಮಾದಲ್ಲಿ ಅವನ ಪಕ್ಕ ಯಾರಿದ್ದಾರೆ ನೋಡಿ. ತೂಮಾಯಿಯ ಅಪ್ಪನ ಪಾತ್ರ ಮಾಡಿದ್ದು ಡಬ್ಲ್ಯು. ಇ. ಹಾಲೋವೇ. ಆನೆ ಹಿಡಿಯುವವರ ಮುಖಂಡ ಮಚುವಾ ಅಪ್ಪ ಆದವರು ಆಲನ್ ಜೀಸ್. ಇಬ್ಬರೂ ಇಂಗ್ಲೆಂಡಿನ ನಟರು, ಮೈಗೆ ಕಂದು ಬಣ್ಣ ಹಚ್ಚಿಕೊಂಡವರು. ಮೈಸೂರಿನ ಕಾಡಿನಲ್ಲಿ ಚಿತ್ರೀಕರಣ ನಡೆದು, ಮೈಸೂರಿನ ಆನೆಗಳು ದುಡಿದು, ಮೈಸೂರಿನ ಹುಡುಗ ನಾಯಕನಾದ ಸಿನಿಮಾದಲ್ಲಿ ಹುಡುಗನಿಗೆ ಅಪ್ಪನಾಗಲು ಇಡೀ ದೇಶದಲ್ಲಿ ಒಬ್ಬ ಸಿಗಲಿಲ್ಲವಂತೆ. 1942ರ 'ಜಂಗಲ್ ಬುಕ್'ನಲ್ಲಿ ಸಾಬು ಮೋಗ್ಲಿ. ತಾಯಿ ಮೆಸುವಾ ಆದವರು ಅಮೆರಿಕದ ರೋಸ್ಮರಿ ಡಿಕ್ಯಾಂಪ್. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಸಾಬು ಮನಸೋಲುವ ಕಾಂಚಿ ಎಂಬ ಹುಡುಗಿ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. ಸಿನಿಮಾ ಸಿನಿಮಾದಲ್ಲೂ ಸಾಬು ಒಬ್ಬನೇ ನಿಜವಾದ ಭಾರತೀಯ, ಸುತ್ತ ಇರುವವರೆಲ್ಲ ಬಣ್ಣ. ಮ್ಯಾಮಿಗೆ ಮಕ್ಕಳನ್ನು ಬರೆಯಲಿಲ್ಲ. ಸಾಬುಗೆ ಅಪ್ಪ ಅಮ್ಮನನ್ನು ಬರೆದರು, ಆದರೆ ಬಿಳಿಯರಿಗೆ ಕೊಟ್ಟರು.

ಪಾತ್ರಗಳೂ ಅಷ್ಟೇ. 1938ರ 'ದ ಡ್ರಮ್'ನಲ್ಲಿ ಸಾಬು ಗಡಿನಾಡಿನ ಪುಟ್ಟ ರಾಜಕುಮಾರ. ಬ್ರಿಟಿಷರ ಮೇಲೆ ಸಂಚು ನಡೆದಾಗ ನಗಾರಿ ಬಾರಿಸಿ ಅವರನ್ನು ಉಳಿಸುತ್ತಾನೆ. ಬ್ರಿಟಿಷರ ಕಡೆಗಿದ್ದರೆ ಒಳ್ಳೆಯ ಭಾರತೀಯ, ಎದುರು ನಿಂತರೆ ರಾಕ್ಷಸ. ಆ ರಾಕ್ಷಸನೂ ಬಣ್ಣ ಹಚ್ಚಿದ ರೇಮಂಡ್ ಮ್ಯಾಸಿ! ಸ್ವಾತಂತ್ರ್ಯ ಹೋರಾಟ ಕಾವೇರಿದ್ದ ಕಾಲ ಅದು. ಬಾಂಬೆ, ಮದ್ರಾಸುಗಳಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. 'ಫಿಲ್ಮ್ ಇಂಡಿಯಾ' ಪತ್ರಿಕೆಯ ಬಾಬುರಾವ್ ಪಟೇಲ್ ಇಂಥ ಸಿನಿಮಾಗಳ ಮೇಲೆ ಕತ್ತಿ ಹಿರಿದು ಬರೆದರು. ಬಾಂಬೆಯಲ್ಲಿ ಸಿನಿಮಾ ನಿಂತಿತು. ಹಾಗೆ ಪ್ರತಿಭಟಿಸಿದವರು ಸರಿಯಾಗಿಯೇ ಮಾಡಿದರು. ಆದರೂ ಹದಿನಾಲ್ಕು ವರ್ಷದ ಸಾಬುವಿನ ಹತ್ತಿರ ಹೋಗಿ ನೀನು ಯಾಕೆ ಒಪ್ಪಿದೆ ಅಂತ ಕೇಳೋಕೆ ನಮಗೆ ಯಾರಿಗಾದರೂ ಬಾಯಿ ಬರುತ್ತಾ? ಇಲ್ಲ. ಸಾಬು ಅಂದಾಗ ನಮಗೆ ತಟ್ಟನೆ ಅರ್ಥವಾಗುವುದು ಹ್ಯಾಟಿ ಅಂದಾಗ ಏಕೆ ಅರ್ಥವಾಗುವುದಿಲ್ಲ?

ಸಾಬು 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಅಲ್ಲಿನ ವಾಯುಪಡೆ ಸೇರಿ, ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಪೆಸಿಫಿಕ್‌ನಲ್ಲಿ ಹೋರಾಡಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ಯುದ್ಧ ಮುಗಿಸಿ ಬಂದವರಿಗೆ ಹಾಲಿವುಡ್ ಕೊಟ್ಟದ್ದು ಮತ್ತೆ ಅದೇ ಕಾಡು, ಅದೇ ಹುಲಿ. 1948ರಲ್ಲಿ 'ಮ್ಯಾನ್ ಈಟರ್ ಆಫ್ ಕುಮಾಂವ್', 1949ರಲ್ಲಿ 'ಸಾಂಗ್ ಆಫ್ ಇಂಡಿಯಾ'. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅದು ಕೈಗೂಡಲಿಲ್ಲ, ಸುನಿಲ್ ದತ್ ಪಾಲಾಯಿತು. ಆ ಒಂದು ಪಾತ್ರ ಸಿಕ್ಕಿದ್ದರೆ ಅನ್ನುವ ಸಂಕಟ ನನ್ನನ್ನು ಬಿಡುವುದಿಲ್ಲ. ಬಿರ್ಜು ಅಂದರೆ ಸಿಟ್ಟು. ಸಾಬುಗೆ ಪಶ್ಚಿಮದವರು ಒಮ್ಮೆಯೂ ಕೊಡದೇ ಇದ್ದದ್ದು ಅದನ್ನೇ. 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಸಾಬುಗೆ 39 ವರ್ಷ.

ಹ್ಯಾಟಿಯವರ ಘನತೆಯ ಬಗ್ಗೆ ಮಾತಾಡುವವರು ಅವರ ಪಾತ್ರಗಳನ್ನೇ ಮುಂದಿಡುತ್ತಾರೆ. ಕೋರ್ಟಿನ ಕಡೆ ನೋಡುವವರು ಕಡಿಮೆ. ಲಾಸ್ ಏಂಜಲೀಸ್‌ನ ವೆಸ್ಟ್ ಆಡಮ್ಸ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಅವರು ದೊಡ್ಡ ಮನೆ ಕೊಂಡಿದ್ದರು. ಜನ ಅದನ್ನು ಶುಗರ್ ಹಿಲ್ ಅನ್ನುತ್ತಿದ್ದರು. ಬಿಳಿಯರಲ್ಲದವರಿಗೆ ಮಾರಬಾರದು ಅಂತ ಅಲ್ಲಿನ ಮನೆಪತ್ರಗಳಲ್ಲೇ ಷರತ್ತು ಬರೆದಿತ್ತು. ಅದನ್ನು ಹಿಡಿದುಕೊಂಡು ಅಕ್ಕಪಕ್ಕದ ಕೆಲವು ಬಿಳಿಯರು ಅಲ್ಲಿ ಮನೆ ಕೊಂಡಿದ್ದ ಕಪ್ಪು ಜನರನ್ನೆಲ್ಲ ಎಬ್ಬಿಸಲು ಕೇಸು ಹಾಕಿದರು. ಹ್ಯಾಟಿ ಸುಮ್ಮನೆ ಕೂರಲಿಲ್ಲ. ಅಲ್ಲಿದ್ದ ಕಪ್ಪು ಕುಟುಂಬಗಳನ್ನು ಸೇರಿಸಿದರು, ಒಟ್ಟಾಗಿ ಹೋರಾಡಿದರು. ವಕೀಲ ಲೋರೆನ್ ಮಿಲ್ಲರ್ ವಾದಿಸಿದರು. 1945ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಆ ಕೇಸನ್ನು ಹೊರಗೆಸೆದರು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ ಸಂವಿಧಾನದ 14ನೇ ತಿದ್ದುಪಡಿಯ ಹಕ್ಕನ್ನು ನೆಪ ಹೇಳದೆ ಪೂರ್ತಿ ಕೊಡುವ ಕಾಲ ಬಂದಿದೆ ಅಂದರು. ಮೂರು ವರ್ಷದ ನಂತರ ಇಂಥದ್ದೇ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ತೀರ್ಪು ಕೊಟ್ಟಿತು. ಅಲ್ಲೂ ವಾದಿಸಿದವರಲ್ಲಿ ಮಿಲ್ಲರ್ ಇದ್ದರು.

ಮನೆಗಾಗಿ ಗೆದ್ದವರಿಗೆ ಸಮಾಧಿಗೆ ಜಾಗ ಸಿಗಲಿಲ್ಲ. 1952ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಹಾಲಿವುಡ್ ಸ್ಮಶಾನದಲ್ಲಿ ಮಣ್ಣಾಗಬೇಕು ಅಂತ ಅವರ ಆಸೆ. ಅದು ಬಿಳಿಯರಿಗೆ ಮಾತ್ರ ಅಂದರು. ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಉಯಿಲು ಬರೆದು ಕೊಟ್ಟ ಆಸ್ಕರ್ ಫಲಕ ಅಲ್ಲಿಂದ ಕಾಣೆಯಾಯಿತು. 2023ರಲ್ಲಿ ಆಸ್ಕರ್ ಅಕಾಡೆಮಿ ಬೇರೆ ಒಂದು ಫಲಕ ಮಾಡಿಸಿ ಕೊಟ್ಟಿತು.

ಈಗ ಈ ಸಿನಿಮಾವನ್ನು ಏನು ಮಾಡಬೇಕು ಅಂತ ಕೇಳುವವರಿದ್ದಾರೆ. 2020ರಲ್ಲಿ ಪೊಲೀಸರ ಕೈಯಲ್ಲಿ ನಡೆದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ, ಅಂತರ್ಜಾಲದಲ್ಲಿ ಸಿನಿಮಾ ತೋರಿಸುವ ಎಚ್‌ಬಿಒ ಮ್ಯಾಕ್ಸ್ ಇದನ್ನು ತೆಗೆಯಿತು. ಸುಮಾರು ಎರಡು ವಾರದಲ್ಲಿ, ಸಿನಿಮಾ ಇತಿಹಾಸಕಾರ್ತಿ ಜಾಕ್ವಲಿನ್ ಸ್ಟೂವರ್ಟ್ ಅವರ ಮುನ್ನುಡಿ ಸೇರಿಸಿ ಮತ್ತೆ ಹಾಕಿತು. ಎರಡನೆಯದೇ ಸರಿ. ತೆಗೆದುಹಾಕಿದರೆ ಸ್ಟುಡಿಯೋದ ಪಾಪದ ಜೊತೆ ಹ್ಯಾಟಿಯವರ ಕೆಲಸವೂ ಹೋಗುತ್ತದೆ. ಪಾಪ ಮಾಡಿದವರಿಗೆ ಅದರಿಂದ ಲಾಭವೇ. ಗುರುತೇ ಇಲ್ಲದಿದ್ದರೆ ಕೇಳುವವರು ಯಾರು? ಮುನ್ನುಡಿ ಸಾಲದು ಅನ್ನುವವರಿಗೆ ನಾನು ಹೇಳುವುದು ಇನ್ನೊಂದು ದಾರಿ. ಅದೇ ಕಥೆಯನ್ನು ಆ ಮನೆಯ ಇನ್ನೊಂದು ಬಾಗಿಲಿನಿಂದ ಹೇಳಿದವರನ್ನು ಹುಡುಕಿ ಓದಿ.

ಅಂಥವರು ಇದ್ದಾರೆ. ಕಪ್ಪು ಲೇಖಕಿ ಆಲಿಸ್ ರ‍್ಯಾಂಡಲ್ 2001ರಲ್ಲಿ 'ದ ವಿಂಡ್ ಡನ್ ಗಾನ್' ಎಂಬ ಕಾದಂಬರಿ ಬರೆದರು. ಕಥೆ ಹೇಳುವವಳು ಸಿನಾರಾ. ಯಜಮಾನನಿಗೂ ಮ್ಯಾಮಿಗೂ ಹುಟ್ಟಿದ ಮಗಳು. ಮೂಲ ಕಾದಂಬರಿಯಲ್ಲೂ ಸಿನಿಮಾದಲ್ಲೂ ಯಾರ ಬಾಯಿಂದಲೂ ಬಾರದ ಮಾತು ಅವಳ ಡೈರಿಯಲ್ಲಿ ಇದೆ. ಮ್ಯಾಮಿಗೆ ಒಂದು ಮೈ ಇತ್ತು, ಆ ಮೈಗೆ ಏನಾಯಿತು, ಅವಳ ಮಗು ಎಲ್ಲಿ ಹೋಯಿತು ಎಂಬುದು ಇದೆ. ಮೂಲ ಕಾದಂಬರಿಕಾರ್ತಿ ಮಾರ್ಗರೆಟ್ ಮಿಚೆಲ್ ಅವರ ವಾರಸುದಾರರು ತಕ್ಷಣ ಕೋರ್ಟಿಗೆ ಹೋದರು. ಪಾತ್ರಗಳು ನಮ್ಮ ಆಸ್ತಿ ಅಂದರು. ಕೆಳಗಿನ ನ್ಯಾಯಾಲಯ ಪುಸ್ತಕಕ್ಕೆ ತಡೆ ಕೊಟ್ಟಿತು. ಮೇಲಿನ ನ್ಯಾಯಾಲಯ ಮೇ ತಿಂಗಳಲ್ಲಿ ಆ ತಡೆಯನ್ನು ತೆಗೆದುಹಾಕಿತು. ಪುಸ್ತಕ ಹೊರಗೆ ಬಂತು, ಮುಂದಿನ ವರ್ಷ ಎರಡೂ ಕಡೆಯವರು ರಾಜಿಯಾದರು. ಪುಸ್ತಕ ಈಗಲೂ ಸಿಗುತ್ತದೆ. ಸಿನಿಮಾ ನೋಡಿ ಮುಗಿಸಿದ ವಾರದಲ್ಲೇ ಅದನ್ನು ಕೈಗೆತ್ತಿಕೊಳ್ಳಿ.